ಬಿಸಿಲಿಗೆ ಹಾಕಿದ ಉಡಿಕಿ

ಪ್ಲೇಗು ಎಂಬ ಮಾತು ಬಂದರೆ ಈಗಲೂ ಜನ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನನಗೆ ನಗು ಬರುತ್ತದೆ. ಅಜ್ಜಿಗೆ ತಲೆ ಕೆಟ್ಟಿದೆ ಎಂದು ಮೊಮ್ಮಕ್ಕಳು ಅಂದುಕೊಂಡರೆ ಅಂದುಕೊಳ್ಳಲಿ. ಆ ಬೇನೆಯಲ್ಲಿ ಹೋದವರು ನಮ್ಮ ಓಣಿಯಲ್ಲೂ ಇದ್ದರು, ಅವರಿಗಾಗಿ ನಾನೂ ಅತ್ತಿದ್ದೇನೆ. ಆದರೆ ಆ ಚಳಿಗಾಲ ನೆನಪಾದಾಗ ಮೊದಲು ಕಣ್ಣ ಮುಂದೆ ಬರುವುದು ನನ್ನ ನಾದಿನಿಯ ಮುಖ. ಅವಳ ಮದುವೆಯನ್ನು ನಿಜಾಮ ಸರ್ಕಾರ ಹಗಲಿಗೆ ಎಳೆದು ತಂದಿತು. ಹಾಗೆ ಮಾಡಬೇಕೆಂಬ ಉದ್ದೇಶ ಸರ್ಕಾರಕ್ಕೆ ಕನಸಿನಲ್ಲೂ ಇರಲಿಲ್ಲ ಎನ್ನುವುದು ಬೇರೆ ಮಾತು.

ನನ್ನನ್ನು ಕೊಟ್ಟ ಮನೆ ಸೇಡಂ ಪೇಟೆಯಲ್ಲಿತ್ತು, ತೊಗರಿ ವ್ಯಾಪಾರದ ಮನೆ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ನಾನು, ಮತ್ತೆ ನನ್ನ ನಾದಿನಿ. ಅವಳು ನನ್ನ ವಾರಿಗೆಯವಳು. ಗಂಡನ ಮನೆಗೆ ಹೋದ ವರ್ಷವೇ ಗಂಡ ವಾಂತಿಭೇದಿಯಲ್ಲಿ ಹೋದ, ಇವಳು ತವರಿಗೆ ಬಂದು ಒಲೆಯ ಮುಂದೆ ಕುಳಿತಳು. ನಾನು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳೇ. ಅತ್ತೆ ನನ್ನನ್ನು ಬೈದರೆ ಅವಳು ಹಿಂದೆ ನಿಂತು ಅತ್ತೆಯ ಹಾಗೆ ಮುಖ ಮಾಡಿ ತೋರಿಸುತ್ತಿದ್ದಳು. ನಾನು ನಕ್ಕು ಇನ್ನಷ್ಟು ಬೈಸಿಕೊಳ್ಳುತ್ತಿದ್ದೆ.

ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ನಮ್ಮವರಲ್ಲಿ ಅಡ್ಡಿಯಿಲ್ಲ. ಅದಕ್ಕೆ ಉಡಿಕಿ ಎನ್ನುತ್ತಾರೆ. ಅಡ್ಡಿ ಇಲ್ಲ ಎಂದ ಮಾತ್ರಕ್ಕೆ ಹಬ್ಬ ಎಂದು ತಿಳಿಯಬೇಡಿ. ಉಡಿಕಿ ನಡೆಯುವುದು ಕತ್ತಲಲ್ಲಿ, ಒಳಮನೆಯಲ್ಲಿ, ಬಾಗಿಲು ಹಾಕಿಕೊಂಡು. ಹಾಡಿಲ್ಲ, ಅಕ್ಷತೆಯಿಲ್ಲ. ವಿಧವೆಯರು ಸೇರಿ ಹೊಸ ಸೀರೆ ಉಡಿಸುತ್ತಾರೆ, ಅಯ್ಯನವರು ಬಂದು ತಾಳಿ ಕಟ್ಟಿಸುತ್ತಾರೆ, ಬೆಳಕು ಹರಿಯುವುದರೊಳಗೆ ಜೋಡಿ ಊರು ದಾಟಬೇಕು. ಗಂಡ ಇದ್ದ ಹೆಂಗಸರು ಅದನ್ನು ನೋಡುವ ಹಾಗಿಲ್ಲ. ನೋಡಿದರೆ ಅವರ ಗಂಡಂದಿರಿಗೆ ಕೇಡು ಎಂದು ನಂಬಿಕೆ.

ಆ ವರ್ಷ ಶಹಾಬಾದಿನಿಂದ ಒಂದು ಸಂಬಂಧ ಬಂದಿತ್ತು. ಗಂಡು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಮುಕಾದಮ, ಕೂಲಿಯವರ ಮೇಸ್ತ್ರಿ. ಹೆಂಡತಿ ತೀರಿಕೊಂಡಿದ್ದಳು, ಒಂದು ಸಣ್ಣ ಹೆಣ್ಣುಮಗುವಿತ್ತು. ನಾದಿನಿ ಬಾಗಿಲ ಸಂದಿಯಿಂದ ಅವನನ್ನು ನೋಡಿ ಬಂದು ನನ್ನ ತೋಳು ಚಿವುಟಿದಳು. ಒಪ್ಪಿಗೆ ಎಂದು ನನಗೆ ಗೊತ್ತಾಯಿತು. ಸಂಜೆ ಜೋಳ ಹಸನು ಮಾಡುತ್ತಾ ಮಾತ್ರ ಅವಳ ಕಣ್ಣಲ್ಲಿ ನೀರಿತ್ತು.

"ವೈನಿ, ನೀ ಸುದ್ದಾ ನೋಡಂಗಿಲ್ಲ ಅಂದ್ರ ಹೊಸ ಸೀರಿ ಉಟ್ಟು ನಾ ಯಾರಿಗಿ ತೋರಿಸ್ಲಿ?" ಎಂದಳು.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದೆ ಮೊರವನ್ನು ಕುಕ್ಕಿದೆ.

ಅಮಾವಾಸ್ಯೆಗೆ ಉಡಿಕಿ ಎಂದು ಮಾತಾಯಿತು. ಅಷ್ಟರಲ್ಲಿ ಪೇಟೆಯಲ್ಲಿ ಕಾಳು ತುಂಬಿಡುವ ಅಡತಿ ಅಂಗಡಿಗಳಲ್ಲಿ ಇಲಿ ಸತ್ತು ಬೀಳತೊಡಗಿದವು. ಆಮೇಲೆ ಇಬ್ಬರಿಗೆ ಬಗಲಲ್ಲಿ ಗಡ್ಡೆ ಎದ್ದಿತು. ತಹಸೀಲ ಕಚೇರಿಯಿಂದ ಡಂಗುರ ಬಂತು: ಎಲ್ಲರೂ ಊರು ಬಿಡಬೇಕು, ಮನೆಗಳಿಗೆ ಔಷಧ ಹೊಡೆಯಲಾಗುವುದು, ಬಿಸಿಲು ಒಳಗೆ ಬೀಳುವಂತೆ ಮೇಲಿನ ಹೆಂಚು ತೆಗೆಯಬೇಕು. ಇದನ್ನು ಕೇಳಿ ಓಣಿಯ ಜನ ಸಾಯುವ ಭಯದಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಓಣಿಯಲ್ಲಿ ಹೆಂಚು ಎಲ್ಲಿಂದ ಬರಬೇಕು? ಎಲ್ಲರದೂ ಪರಸಿ ಕಲ್ಲು ಹೊದಿಸಿ ಮೇಲೆ ಮಣ್ಣು ಬಡಿದ ಮಾಳಿಗೆಗಳು. ಯಾವ ಊರಿಗೋ ಬರೆದ ಹುಕುಂ ನಮ್ಮ ಊರಿಗೂ ಬಂದಿತ್ತು. ಒಬ್ಬ ಜಮಾದಾರ ನಮ್ಮ ಮಾಳಿಗೆ ಹತ್ತಿ ಸುತ್ತಲೂ ನೋಡಿದ, ಕೆಳಗಿಳಿದು ಮೀಸೆ ಉಜ್ಜಿಕೊಂಡ.

"ಹೆಂಚ್ ತೆಗ್ಸೇವಿ ಅಂತ ಹೇಳ್ತೀನಿ. ನೀವೂ ಹಂಗೇ ಹೇಳ್ರಿ," ಎಂದು ಹೋದ.

ಊರೆಲ್ಲ ಹಳ್ಳದ ಆಚೆ, ಸ್ಟೇಷನ್ನಿಗೆ ಹೋಗುವ ದಾರಿಯ ಬದಿಯ ಬಂಡೆಯ ಬಯಲಿಗೆ ಹೋಗಿ ಬಿದ್ದಿತು. ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಗುಡಿಸಲುಗಳು, ಸಾಲಿಗೆ ಸಾಲು ಎದುರುಬದುರು. ಬಾಗಿಲಿನ ಜಾಗದಲ್ಲಿ ಗೋಣಿಚೀಲ. ನಮ್ಮ ಎದುರಿನ ಗುಡಿಸಲಿಗೆ ಬಂದವರು ದೊಡ್ಡ ಮನೆಯ ಗೌಡತಿ. ಮಡಿ, ಮರ್ಯಾದೆ, ಪದ್ಧತಿ ಎಂದರೆ ಸೇಡಂನಲ್ಲಿ ಆಕೆಯದೇ ಕೊನೆಯ ಮಾತು. ಊರಲ್ಲಿದ್ದಾಗ ನನ್ನಂಥವಳು ಆಕೆಯ ಅಂಗಳ ತುಳಿಯಲು ಹೆದರಬೇಕಿತ್ತು. ಇಲ್ಲಿ ಆಕೆಯ ಗೊರಕೆ ನಮಗೆ, ನಮ್ಮ ಜಗಳ ಆಕೆಗೆ.

ನಿಜ ಹೇಳಿದರೆ ಅಂಥ ಸುಖದ ದಿನಗಳು ಆ ಮನೆಯಲ್ಲಿ ನನಗೆ ಅದುವರೆಗೆ ಬಂದಿರಲಿಲ್ಲ. ಸಾರಿಸಲು ನೆಲವಿಲ್ಲ, ಕಸ ಗುಡಿಸಲು ಒಳಮನೆಯಿಲ್ಲ. ಬಯಲಿನಲ್ಲೇ ಒಲೆ. ಅತ್ತೆ ಸಿಟ್ಟಿಗೆದ್ದರೆ ಸಾಲಿನವರೆಲ್ಲ ಕತ್ತೆತ್ತಿ ನೋಡುತ್ತಿದ್ದರು, ಅದಕ್ಕೆ ಅತ್ತೆ ಪಿಸುಮಾತಿನಲ್ಲಿ ಬೈಯಲು ಕಲಿತರು. ಪಿಸುಮಾತಿನ ಬೈಗುಳಕ್ಕೆ ಯಾರು ಹೆದರುತ್ತಾರೆ? ಪಕ್ಕದ ಹೊಲದಲ್ಲಿ ಜೋಳ ಹಾಲು ತುಂಬಿ ನಿಂತಿತ್ತು. ಹೊಲದವರು ತೆನೆ ಸುಟ್ಟು ಸೀತನಿ ಬಡಿದು ಕೊಡುತ್ತಿದ್ದರು. ನಾನೂ ನಾದಿನಿಯೂ ಬಿಸಿ ಸೀತನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾ, ಎಲ್ಲರಂತೆ ಸರ್ಕಾರವನ್ನು ಬೈಯುತ್ತಿದ್ದೆವು.

ಬೈಯಲು ಕಾರಣಗಳಿಗೇನೂ ಬರವಿರಲಿಲ್ಲ. ಹೈದರಾಬಾದಿನಿಂದ ಬಂದಿದ್ದ ಡಾಕ್ಟರು ಸಣ್ಣ ವಯಸ್ಸಿನವರು, ಬೆಳ್ಳಗೆ ತೆಳ್ಳಗೆ, ತಲೆಯ ಮೇಲೆ ಕೆಂಪು ಟೋಪಿ. ಅವರಿಗೆ ಬಿಸಿಲಿನ ಹುಚ್ಚು. ಬೆಳಗಾದರೆ ಹಾಸಿಗೆ ಬಿಸಿಲಿಗೆ, ಕಾಳು ಬಿಸಿಲಿಗೆ, ಮಕ್ಕಳು ಬಿಸಿಲಿಗೆ. ಹೊತ್ತು ಏರುವಾಗ ಅವರು ಬರುವ ಹೊತ್ತಿಗೆ ಎಲ್ಲರೂ ಗುಡಿಸಲಿನ ಹೊರಗೆ ಮುಖ ತೋರಿಸುತ್ತಾ ನಿಂತಿರಬೇಕು. ಯಾರಿಗೆ ಜ್ವರ, ಯಾರು ಬಾಡಿದ್ದಾರೆ ಎಂದು ನೋಡುತ್ತಾ ಹೋಗುತ್ತಿದ್ದರು. ಕಣಿಕೆಯ ಗುಡಿಸಲು ಹತ್ತಿಕೊಂಡೀತೆಂದು ಕತ್ತಲಾದ ಮೇಲೆ ದೀಪ ಹಚ್ಚುವಂತಿಲ್ಲ. ಹಗಲಲ್ಲಿ ಎಲ್ಲೆ ದಾಟಲು ಪರವಾನಗಿ ಬೇಕು, ಹೊತ್ತು ಮುಳುಗಿದ ಮೇಲಂತೂ ಒಳಗಿನವರು ಹೊರಗೆ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಎಲ್ಲೆಯಲ್ಲಿ ಪೊಲೀಸಿನವನೊಬ್ಬ ಕೋಲು ಹಿಡಿದು ಕೂತಿರುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಬೈಗುಳ ಪ್ಲೇಗು ತಡೆಯುವ ಸೂಜಿಗೆ. ಸೂಜಿ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದು ಒಬ್ಬರು, ಧರ್ಮ ಕೆಡುತ್ತದೆ ಎಂದು ಇನ್ನೊಬ್ಬರು. ಗೌಡತಿಯಂತೂ ಪರಗಂಡಸಿನ ಮುಂದೆ ತೋಳು ಬಿಚ್ಚುವುದಕ್ಕಿಂತ ಸಾಯುವುದೇ ವಾಸಿ ಎಂದು ಸಾರಿದರು. ಡಾಕ್ಟರು ವಾದ ಮಾಡಲಿಲ್ಲ. ಎರಡು ಗೂಟಗಳ ನಡುವೆ ಒಂದು ಕಂಬಳಿ ಕಟ್ಟಿಸಿ, ಅದಕ್ಕೆ ಒಂದು ತೂತು ಮಾಡಿಸಿ, ಆಚೆ ತಾವು ಕೂತರು. ಈಚೆಯಿಂದ ಹೆಂಗಸರು ತೋಳು ತೂರಿಸಿದರೆ ಸಾಕು, ಮುಖ ಕಾಣುವುದಿಲ್ಲ. ಆಗ ಗೌಡತಿಗೆ ನೆಪ ಉಳಿಯಲಿಲ್ಲ. ಮೊದಲು ತೂರಿದ್ದು ಆಕೆಯ ತೋಳೇ. ಚುಚ್ಚಿದ ಕೂಡಲೇ ಆಕೆ ಕಂಬಳಿಗೆ ಬೈದದ್ದು ಸ್ಟೇಷನ್ನಿಗೆ ಕೇಳಿಸಿರಬೇಕು. ಎರಡು ದಿನ ಎಲ್ಲರಿಗೂ ತೋಳು ಬಾತು ಮೈ ಬಿಸಿಯಾಯಿತು. ಮೂರನೆಯ ದಿನ ಸೂಜಿ ಹಾಕಿಸಿಕೊಂಡವರೇ ಹಾಕಿಸಿಕೊಳ್ಳದವರಿಗೆ ಬುದ್ಧಿ ಹೇಳತೊಡಗಿದರು. ಗೌಡತಿ ಎಲ್ಲರಿಗಿಂತ ಮುಂದೆ.

ಅಮಾವಾಸ್ಯೆ ಬಂತು, ಹೋಯಿತು. ಉಡಿಕಿಯ ಮಾತೇ ಇಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಗಂಡಿನ ಸೋದರಮಾವ ಎಲ್ಲೆಯ ತನಕ ಬಂದು ನಿಂತು ನಮ್ಮವರನ್ನು, ಎಂದರೆ ನನ್ನ ಗಂಡನನ್ನು, ಕೂಗಿ ಕರೆದ. ನಾನೂ ಅತ್ತೆಯೂ ಹಿಂದೆ ನಿಂತು ಕೇಳಿದೆವು.

"ಕೂಸು ಸಣ್ಣದದ. ನಮ್ಮಕ್ಕಗ ಕಣ್ಣು ಕಾಣಂಗಿಲ್ಲ. ಶಿವರಾತ್ರಿ ಒಳಗ ಆಗ್ಲಿಲ್ಲಂದ್ರ ಗುಂಡಗುರ್ತಿ ಕಡಿಯವ್ರು ಕೇಳ್ಯಾರ, ಅವ್ರಿಗಿ ಹ್ಞೂಂ ಅಂತೀವಿ. ಸಿಟ್ಟಾಗಬ್ಯಾಡ್ರಿ," ಎಂದ.

"ಊರಿಗಿ ಹೋಗಿಂದ ಮಾಡಮು," ಎಂದರು ಅತ್ತೆ.

"ಊರಿಗಿ ಯಾವಾಗ ಬಿಡ್ತಾರ?"

ಅದು ಯಾರಿಗೂ ಗೊತ್ತಿರಲಿಲ್ಲ. ನಾದಿನಿ ಅಂದು ಸೀತನಿ ಮುಟ್ಟಲಿಲ್ಲ. ಅತ್ತೆಯನ್ನು ಅಣಕಿಸಲಿಲ್ಲ. ಗೋಣಿಚೀಲದ ಹಿಂದೆ ಗೋಡೆಯಿಲ್ಲದ ಕಡೆ ಗೋಡೆಗೆ ಮುಖ ಮಾಡಿದವಳಂತೆ ಮಲಗಿದಳು. ನನಗೆ ತಡೆಯಲಾಗಲಿಲ್ಲ. ಸೊಸೆ ಅತ್ತೆಗೆ ಎದುರು ಮಾತಾಡಬಾರದೆಂಬುದನ್ನು ಬದಿಗಿಟ್ಟೆ.

"ಅತ್ತಿ, ಹಗಲಿ ಮಾಡ್ರಿ," ಎಂದೆ.

ಅತ್ತೆ ನನ್ನನ್ನು ಹೊಡೆಯಲಿಲ್ಲ, ಅದೇ ಆಶ್ಚರ್ಯ. ತಲೆಯ ಮೇಲೆ ಕೈ ಹೊತ್ತು ಕುಳಿತರು. "ಇಲ್ಲಿ ಸಾವು ಬಾಗಲ್ದಾಗ ಕುಂತದ. ನಾಳಿ ಈ ಸಾಲಿನಾಗ ಯಾರದರ ಗಂಡಗ ಏನರ ಆಯ್ತಂದ್ರ, ನಿನ ಮಗಳ ಉಡಿಕಿ ನೋಡಿದ್ಕೇ ಆಯ್ತು ಅಂತಾರ. ಅಕಿ ಬದುಕಿರೂ ತನಕ ಅಂತಾರ," ಎಂದರು. ಅವರ ಹೆದರಿಕೆ ಸುಳ್ಳಲ್ಲ. ಆ ಮಾತು ಹುಟ್ಟಿದರೆ ಶಹಾಬಾದಿಗೂ ಹೋಗುತ್ತದೆ, ಹೊಸ ಮನೆಯಲ್ಲೂ ಅವಳ ಮುಖಕ್ಕೆ ಹತ್ತುತ್ತದೆ.

ಕೊನೆಗೆ ಅತ್ತೆ ಡಾಕ್ಟರ ಹತ್ತಿರ ಹೋಗುವುದೆಂದಾಯಿತು, ಒಂದು ರಾತ್ರಿಗೆ ಮಾತ್ರ ದೀಪ ಹಚ್ಚಲು, ನಾಲ್ಕು ಜನರನ್ನು ಒಳಗೆ ಬಿಡಲು ಪರವಾನಗಿ ಕೇಳಿಕೊಳ್ಳಲು. ನಮ್ಮವರು ಉರ್ದು ಬಲ್ಲವರು, ಜೊತೆಗೆ ಹೋದರು. ನಾನು ನೀರಿನ ಕೊಡದ ನೆಪ ಮಾಡಿಕೊಂಡು ಹಿಂದೆ ಹೋದೆ. ಡಾಕ್ಟರ ಡೇರೆಯ ಮುಂದೆ ಮಾತು ನಡೆಯಿತು.

"ಶಾದಿ ರಾತ್ರಿ ಯಾಕ್ರೀ?" ಡಾಕ್ಟರು ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದರು. "ಹುಡುಗಿ ಕಳವು ಮಾಡಿ ಒಯ್ತಾರೇನು?"

ನಮ್ಮವರು ಮೆಲ್ಲಗೆ ಎಲ್ಲ ವಿವರಿಸಿದರು. ಡಾಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡು ಕೇಳಿಸಿಕೊಂಡರು. ಅವರಿಗೆ ಅರ್ಥವೇ ಆಗಲಿಲ್ಲ. ತಮ್ಮವರಲ್ಲಿ ಗಂಡ ಸತ್ತವಳಿಗೆ ಮತ್ತೆ ನಿಕಾಹ್ ಮಾಡಿಸುವುದು ಪುಣ್ಯದ ಕೆಲಸ, ಎಲ್ಲರನ್ನೂ ಕರೆದು ಊಟ ಹಾಕುತ್ತಾರೆ, ಇದರಲ್ಲಿ ಮುಚ್ಚಿಡುವುದೇನು ಎಂದು ಉರ್ದುವಿನಲ್ಲಿ ಕೇಳಿದರು. ದೀಪಕ್ಕೆ ಪರವಾನಗಿ ಇಲ್ಲವೇ ಇಲ್ಲ. ಹಗಲಾದರೆ ಆಗಬಹುದು. ಗಂಡಿನ ಕಡೆಯವರು ವಾಡಿ ಸ್ಟೇಷನ್ನಿನಲ್ಲೇ ಸೂಜಿ ಹಾಕಿಸಿಕೊಂಡು ಬರಬೇಕು, ಜನ ಕಡಿಮೆ ಇರಬೇಕು, ದೂರ ದೂರ ಕೂಡಬೇಕು. ಅದೂ ಬೆಳಗ್ಗೆ, ತಾವು ಸಾಲು ನೋಡಲು ಬರುವ ಹೊತ್ತಿನಲ್ಲಿ, ತಮ್ಮ ಕಣ್ಣೆದುರಿಗೆ, ನಡುವಿನ ಬಂಡೆಯ ಮೇಲೆ.

"ಬಿಸಲಾಗ ಮಾಡ್ರಿ, ಅಮ್ಮಾ. ಬಿಸಲು ಭಾಳ ಛಲೋ ದವಾ," ಎಂದು ಮುಗಿಸಿದರು.

ಅತ್ತೆ ಗುಡಿಸಲಿಗೆ ಬಂದು ಧೊಪ್ಪನೆ ಕುಳಿತರು. "ಹಾಸ್ಗಿ ಬಿಸಲಿಗಿ ಹಾಕಂತು ಸರ್ಕಾರ, ಹಾಕ್ದೆ. ಕಾಳು ಹಾಕಂತು, ಹಾಕ್ದೆ. ಈಗ ನನ ಮಗಳ ಉಡಿಕಿನೂ ಬಿಸಲಿಗಿ ಹಾಕಂತದ!" ಎಂದರು. ಗೋಣಿಚೀಲದ ಹಿಂದಿನಿಂದ ನಾದಿನಿ ಕಿಸಕ್ಕೆಂದಳು. ಎಷ್ಟೋ ದಿನದ ಮೇಲೆ ಕೇಳಿದ ನಗು. ಅತ್ತೆ ಅತ್ತ ನೋಡಿದರು, ಬೈಯಲು ಬಾಯಿ ತೆರೆದರು, ಬೈಯಲಿಲ್ಲ. ಸಂಜೆಗೆ ಶಹಾಬಾದಿಗೆ ಹೇಳಿ ಕಳಿಸಿದರು.

ಸುದ್ದಿ ಸಾಲಿಗೆಲ್ಲ ಹಬ್ಬಿತು. ಎಲ್ಲರೂ ಹೊರಗೆ ನಿಂತಿರಲೇಬೇಕಾದ ಹೊತ್ತು ಅದು, ಒಳಗೆ ಅಡಗಲು ಆಗುವುದಿಲ್ಲ. ಏನು ಮಾಡಬೇಕೆಂದು ಗೌಡತಿಯೇ ತೀರ್ಪು ಕೊಟ್ಟರು: ಮುತ್ತೈದೆಯರೆಲ್ಲ ಹೊರಗೇ ನಿಲ್ಲಲಿ, ಬಂಡೆಗೆ ಬೆನ್ನು ಮಾಡಿ ನಿಲ್ಲಲಿ, ತಾಳಿ ಕಟ್ಟಿ ಮುಗಿಯುವ ತನಕ ತಿರುಗಬಾರದು. ನನಗೂ ಅದೇ ಕಟ್ಟಪ್ಪಣೆ. ಅತ್ತೆ ನನ್ನ ಕೈ ಹಿಡಿದು ಬೇಡಿಕೊಂಡರು: "ನಂಗ ಒಬ್ಬವನೇ ಮಗ. ನೀ ನೋಡಬ್ಯಾಡವ್ವಾ." ಬೈದಿದ್ದರೆ ಎದುರಾಡುತ್ತಿದ್ದೆ. ಬೇಡಿಕೊಂಡರೆ ಏನು ಮಾಡಲಿ? ಹೂಂ ಎಂದೆ.

ಮುಂಜಾನೆಯ ಗಾಡಿಗೆ ಗಂಡಿನವರು ಬಂದರು. ಗಂಡು, ಅವನ ಸೋದರಮಾವ, ಮಾವನ ಸೊಂಟದ ಮೇಲೆ ಕೂಸು. ನಮ್ಮ ಕಡೆಯಿಂದ ಅಯ್ಯನವರು, ನಮ್ಮವರು, ಅತ್ತೆ, ಇನ್ನೊಬ್ಬ ಮುದುಕಿ. ನಾದಿನಿಯನ್ನು ಕರೆದುಕೊಂಡು ಹೋದದ್ದು ನಾನು ನೋಡಲಿಲ್ಲ, ಕೇಳಿಸಿಕೊಂಡೆ. ನಾವೆಲ್ಲ ಆಗಲೇ ಜೋಳದ ಹೊಲದ ಕಡೆ ಮುಖ ಮಾಡಿ, ಸೆರಗು ಎಳೆದುಕೊಂಡು ನಿಂತಿದ್ದೆವು. ಸಾಲಿಗೆ ಸಾಲು ಹೆಂಗಸರ ಬೆನ್ನು. ನನ್ನ ಹಿಂದೆ ನನ್ನ ಗೆಳತಿಯ ಮದುವೆ ನಡೆಯುತ್ತಿತ್ತು, ನಾನು ಜೋಳದ ತೆನೆ ನೋಡುತ್ತಿದ್ದೆ. ಕುತ್ತಿಗೆ ತಾನಾಗಿ ತಿರುಗುತ್ತಿತ್ತು, ಹಿಡಿದು ನಿಲ್ಲಿಸಿಕೊಂಡೆ.

ಅಷ್ಟರಲ್ಲಿ ಡಾಕ್ಟರು ಸಾಲು ನೋಡಲು ಬಂದರು. ಮುಖ ನೋಡಬೇಕಾದಲ್ಲಿ ಬರೀ ಬೆನ್ನು ಕಂಡರೆ ಅವರಿಗೆ ಏನನ್ನಿಸಬೇಡ? ಜಮಾದಾರನಿಗೆ ಏನೋ ಹೇಳಿದರು. ಮಾಳಿಗೆ ಹತ್ತಿ ಹೆಂಚು ಹುಡುಕಿದ್ದವನೇ ಈ ಜಮಾದಾರ. ಕೋಲು ಬಡಿದು ಕೂಗಿದ:

"ಈ ಕಡಿ ಮಕಾ ಮಾಡ್ರಿ! ಸಾಹೇಬ್ರು ಮಕಾ ನೋಡ್ಬೇಕು! ಹೊಳ್ರಿ!"

ಯಾರೂ ಕದಲಲಿಲ್ಲ. ಗೌಡತಿ ಕಲ್ಲಿನಂತೆ ನಿಂತಿದ್ದರು. ಆಗ ಬಂಡೆಯ ಮೇಲಿಂದ "ಅಯ್ಯಯ್ಯೋ" ಎಂದು ಗಂಡಸಿನ ದನಿ, ಹಿಂದೆಯೇ ನಾದಿನಿಯ ನಗು. ಕಿಸಕ್ಕೆನ್ನುವ ನಗುವಲ್ಲ, ಗಂಟಲು ತುಂಬಿದ ದೊಡ್ಡ ನಗು. ಮದುವೆಯ ಹೆಣ್ಣು ಹಾಗೆ ನಕ್ಕದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮೊದಲು ತಿರುಗಿದವರು, ದೇವರಾಣೆ, ಗೌಡತಿ.

ಆದದ್ದಿಷ್ಟು. ಹಿಂದಿನ ದಿನ ವಾಡಿಯಲ್ಲಿ ಹಾಕಿದ ಸೂಜಿಗೆ ಗಂಡಿನ ಎಡತೋಳು ಕುಂಬಳಕಾಯಿಯಾಗಿತ್ತು. ತಾಳಿ ಕಟ್ಟಲು ಕೈ ಎತ್ತಿದರೆ ನೋವು, ಇಳಿಸಿದರೆ ತಾಳಿ ಜಾರುತ್ತದೆ. ಕಲ್ಲುಗಣಿಯ ಮುಕಾದಮ ಮೂಗಿನ ಮೇಲೆ ಬೆವರು ಕಟ್ಟಿಕೊಂಡು ಒಂದೇ ಕೈಯಲ್ಲಿ ಒದ್ದಾಡುತ್ತಿದ್ದ. ಅಯ್ಯನವರು ಅವನ ಮೊಣಕೈ ಹಿಡಿದು ಎತ್ತಿ ಕೊಡುತ್ತಿದ್ದರು. ಕೂಸು ಯಾವಾಗಲೋ ಮಾವನ ಸೊಂಟದಿಂದ ಇಳಿದು ಬಂದು ನಾದಿನಿಯ ತೊಡೆಯ ಮೇಲೆ ಕೂತುಬಿಟ್ಟಿತ್ತು. ಹಸಿರು ಸೀರೆ, ಅದರ ಮೇಲೆ ಬೆಳಗಿನ ಬಿಸಿಲು. ನಗುವಿನಿಂದ ಅವಳ ಕಣ್ಣಲ್ಲಿ ನೀರು. ನಾನು ಯಾವಾಗ ತಿರುಗಿದೆನೋ ನನಗೇ ಗೊತ್ತಿಲ್ಲ.

ಅತ್ತೆ ಮಾತ್ರ ನಗಲಿಲ್ಲ. ತಿರುಗಿದ ಮುಖಗಳ ಸಾಲನ್ನು ನೋಡಿ ಅವರ ಮುಖ ಬಿಳುಚಿತು. ಎಲ್ಲರೂ ಗೌಡತಿಯ ಕಡೆ ನೋಡಿದರು.

ಗೌಡತಿ ಸೆರಗು ಸರಿ ಮಾಡಿಕೊಂಡರು. ತಮ್ಮ ಬಾವು ಇಳಿದ ತೋಳನ್ನು ಒಮ್ಮೆ ತೀಡಿಕೊಂಡರು.

"ಏನ್ ನೋಡ್ತೀರಿ ನನ್ನ?" ಎಂದರು. "ಸೂಜಿ ಹಾಕಿಸ್ಕೊಂಡೀವಿಲ್ಲ? ಅಂಥಾ ಗಡ್ಡಿ ಬ್ಯಾನಿನೇ ಬರಂಗಿಲ್ಲಂತ, ಇದೇನ್ ಮಾಡ್ತದ! ಏ, ಹುಡುಗಿ ಎಷ್ಟ್ ಛಂದ ಕಾಣಾಕತ್ತಾಳ ನೋಡ್ರೇ!"

ಆ ನ್ಯಾಯವನ್ನು ಡಾಕ್ಟರು ಕೇಳಿದ್ದರೆ ಏನೆನ್ನುತ್ತಿದ್ದರೋ. ನಮಗೆ ಮಾತ್ರ ಸರಿ ಎನಿಸಿತು. ಸರ್ಕಾರ ಹಾಕಿದ ಸೂಜಿ ನಮ್ಮ ಗಂಡಂದಿರನ್ನೆಲ್ಲ ಕಾಯುತ್ತದೆ ಎಂದು ಒಬ್ಬರಿಂದೊಬ್ಬರಿಗೆ ದಾಟಿ ಸಾಲಿನ ಕೊನೆ ಮುಟ್ಟಿತು. ನಾನು ಒಣಗಲು ಹಾಕಿದ್ದ ಜೋಳದಲ್ಲಿ ಒಂದು ಹಿಡಿ ಬಾಚಿಕೊಂಡು ಬಂಡೆಯ ಹತ್ತಿರಕ್ಕೆ ಓಡಿ ಅವಳ ತಲೆಯ ಮೇಲೆ ಹಾಕಿದೆ. ಅಕ್ಷತೆಗೆ ಅಕ್ಕಿಯೇ ಆಗಬೇಕೆಂದು ಯಾರು ಹೇಳಿದರು? ದೂರ ನಿಲ್ಲಿ ಎಂದು ಜಮಾದಾರ ಕೂಗುತ್ತಿದ್ದ. ಹೆಂಗಸರು ದೂರ ನಿಂತೇ ಎರಚಿದರು, ಅರ್ಧ ಅವನ ಮೇಲೆ ಬಿತ್ತು. ಯಾರೋ ಸೋಬಾನೆ ಎತ್ತಿಕೊಂಡರು, ಆ ಸಾಲು ಬಿಟ್ಟ ಕಡೆ ಈ ಸಾಲು ಹಿಡಿಯಿತು. ಡಾಕ್ಟರು ಟೋಪಿಯ ಮೇಲಿನ ಜೋಳ ಕೊಡವಿಕೊಳ್ಳುತ್ತಾ ನಗುತ್ತಿದ್ದರು. ಅಂದಿನಿಂದ ಆ ಡಾಕ್ಟರನ್ನು ಬೈಯುವುದು ನಿಂತಿತು. ಸರ್ಕಾರವನ್ನು ಬೈಯುವುದು ನಿಲ್ಲಲಿಲ್ಲ.

ಮಧ್ಯಾಹ್ನದ ಗಾಡಿಗೆ ಅವರು ಹೋಗಬೇಕಿತ್ತು. ಉಡಿಕಿಯ ಹೆಣ್ಣು ಮುಖ ಮುಚ್ಚಿಕೊಂಡು ಸಂದಿಯಲ್ಲಿ ಹಾದು ಹೋಗುವುದು ರೂಢಿ. ನನ್ನ ನಾದಿನಿ ಸಾಲಿನ ನಟ್ಟನಡುವೆ ಹೊರಟಳು. ಕಂಕುಳಲ್ಲಿ ಕೂಸು, ಪಕ್ಕದಲ್ಲಿ ತೋಳು ಒತ್ತಿಕೊಂಡ ಗಂಡ. ಪ್ರತಿ ಗುಡಿಸಲಿನ ಮುಂದೆ ನಿಂತು, "ಹೋಗಿ ಬರ್ತೀನ್ರಿ" ಎಂದಳು. ಹೊಸ ಸೀರೆಯ ಸೆರಗನ್ನು ಎಲ್ಲರಿಗೂ ಬಿಡಿಸಿ ತೋರಿಸಿದಳು. ಗೌಡತಿ ಬಟ್ಟೆ ಎಷ್ಟು ಗಟ್ಟಿ ಇದೆ ಎಂದು ಹಿಡಿದು ನೋಡಿದರು. ನನ್ನ ಹತ್ತಿರ ಬಂದು ತೋಳು ಚಿವುಟಿ ಹೋದಳು.

ಅತ್ತೆ ಎಲ್ಲೆಯ ತನಕ ಹೋದರು, ನಾನು ಹಿಂದೆ ಹೋದೆ. ಅದರಾಚೆ ಹೋಗಲು ಬಿಡುವುದಿಲ್ಲ. ಸ್ಟೇಷನ್ನಿನ ದಾರಿಯಲ್ಲಿ ಹಸಿರು ಸೀರೆ ದೂರವಾಗುತ್ತಾ ಹೋಯಿತು. ಎಲ್ಲೆಯ ಪೊಲೀಸಿನವನು ಆಗತಾನೆ ಪಾಳಿ ಬದಲಾಗಿ ಬಂದವನು, ಅವನಿಗೆ ಏನೂ ಗೊತ್ತಿರಲಿಲ್ಲ. ಕೋಲಿನಿಂದ ಆ ಕಡೆ ತೋರಿಸಿ, "ಯಾರ್ ಅದು ಹೊಂಟಿದ್ದು?" ಎಂದ.

ಅತ್ತೆ ಸುತ್ತಲೂ ನೋಡಿದರು. ಪಿಸುಮಾತಿನಲ್ಲಿ ಹೇಳುತ್ತಾರೆ ಎಂದುಕೊಂಡೆ.

"ನನ ಮಗಳ್ರೀ," ಎಂದರು, ಇಡೀ ಸಾಲಿಗೆ ಕೇಳುವ ಹಾಗೆ. "ಲಗ್ನಾಗ್ಯಾದ. ಗಂಡನ ಮನಿಗಿ ಹೊಂಟಾಳ."